ನಮ್ ನಮ್ಮಲ್ಲಿ ಎಂಥಾ ಅಗ್ರಿಮೆಂಟು?

ನಾನು ಕೆಲಸ ಮಾಡೋದು ತುಮಕೂರಲ್ಲಿ ಒಬ್ರು ಆಡಿಟರ್ ಆಫೀಸಲ್ಲಿ. ಜಿಎಸ್‌ಟಿ ರಿಟರ್ನು, ಇನ್‌ಕಮ್ ಟ್ಯಾಕ್ಸು, ಹೊಸದಾಗಿ ಏನಾದ್ರೂ ಶುರು ಮಾಡೋರ ರಿಜಿಸ್ಟ್ರೇಷನ್ನು ಎಲ್ಲ ನನ್ನ ಟೇಬಲ್ಲಿಗೇ ಬರುತ್ತೆ. ಮನೇಲೇ ಚಟ್ನಿಪುಡಿ, ಹಪ್ಪಳ ಮಾಡಿ ಮಾರೋರು, ಗಾಣದ ಎಣ್ಣೆ ತೆಗೆಯೋರು, ಬ್ಲೌಸ್ ಹೊಲೀತಾ ಹೊಲೀತಾ ಸೀರೆ ವ್ಯಾಪಾರಕ್ಕೂ ಇಳಿದೋರು, ಬೆಂಗಳೂರಲ್ಲಿ ಕೆಲಸ ಬಿಟ್ಟು ವಾಪಸ್ ಬಂದು ಬೇಕರಿ ಹಾಕೋ ಹುಡುಗ್ರು, ಹೀಗೆ. ಕುರ್ಚಿ ಎಳ್ಕೊಂಡು ಕೂತ ತಕ್ಷಣ ಎಲ್ಲರೂ ಕೇಳೋದು ಒಂದೇ, "ಮೇಡಂ, ಏನೇನ್ ಲೈಸೆನ್ಸ್ ಬೇಕು, ಎಷ್ಟ್ ಖರ್ಚಾಗುತ್ತೆ?" ನಾನು ಅದಕ್ಕೆ ಉತ್ತರ ಹೇಳೋಕೆ ಮುಂಚೆ ಇನ್ನೊಂದು ಪ್ರಶ್ನೆ ಕೇಳ್ತೀನಿ, "ಈ ವ್ಯಾಪಾರ ಯಾರದು?" ಒಂದು ಕ್ಷಣ ಮುಖ ಮುಖ ನೋಡ್ಕೋತಾರೆ. "ನಮ್ದೇ ಮೇಡಂ, ನಾನೂ ನನ್ನ ಫ್ರೆಂಡೂ ಸೇರಿ ಮಾಡ್ತಿರೋದು." ಬರ್ಕೊಂಡಿದೀರಾ ಅಂದ್ರೆ, "ಅಯ್ಯೋ, ನಮ್ ನಮ್ಮಲ್ಲಿ ಎಂಥಾ ಅಗ್ರಿಮೆಂಟು ಮೇಡಂ!"

ಈ ಮಾತು ನನ್ನ ತಲೆ ತಿಂತಾನೇ ಇರುತ್ತೆ. ಯಾಕಂದ್ರೆ ಲೈಸೆನ್ಸ್ ಇಲ್ಲದೆ ಮುಚ್ಚಿಹೋದ ಸಣ್ಣ ವ್ಯಾಪಾರಗಳನ್ನ ನಾನು ನೋಡಿರೋದು ಕಮ್ಮಿ. ಲೈಸೆನ್ಸ್ ಇಲ್ಲ ಅಂದ್ರೆ ಯಾರೋ ಒಬ್ರು ಬಂದು ಕೇಳ್ತಾರೆ, ಬೈತಾರೆ, ದಂಡ ಹಾಕ್ತಾರೆ, ಓಡಾಡಿ ಮಾಡಿಸ್ಕೋತೀವಿ. ಆದ್ರೆ ಯಾರ ದುಡ್ಡು ಎಷ್ಟು, ಯಾರ ಕೆಲಸ ಎಷ್ಟು, ಹೆಸರು ಯಾರದು, ನಾಳೆ ಬೇರೆ ಆದ್ರೆ ಯಾರಿಗೇನು ಅಂತ ಬರ್ದಿಟ್ಕೊಳ್ಳೋ ಕಾಗದ ಇದ್ಯಲ್ಲ, ಅದನ್ನ ಯಾವ ಪೋರ್ಟಲ್ಲೂ ತಾನಾಗಿ ಕೇಳಲ್ಲ, ಯಾವ ಇನ್‌ಸ್ಪೆಕ್ಟರೂ ಬಂದು ತೋರ್ಸಿ ಅನ್ನಲ್ಲ. ಕೇಳೋರಿಲ್ಲ ಅಂತ ಮಾಡಿಸೋರೂ ಇಲ್ಲ. ನಾನು ನೋಡಿರೋ ಹಾಗೆ ಮುಚ್ಚಿಹೋದ ವ್ಯಾಪಾರಗಳಲ್ಲಿ ಜಾಸ್ತಿ ಮುಚ್ಚಿರೋದು ಈ ಕಾಗದ ಇಲ್ಲದೇನೇ.

ಸರ್ಕಾರದ ಕಾಗದ ಅಷ್ಟು ಕಷ್ಟ ಏನಲ್ಲ

ಮೊದಲು ಎಲ್ಲರೂ ಹೆದರೋ ಕಾಗದಗಳ ವಿಷಯ ಮುಗಿಸಿಬಿಡ್ತೀನಿ. ಮನೇಲಿ ತಿಂಡಿ ಮಾಡಿ ಮಾರೋರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ್ದು, ಅಂದ್ರೆ ಎಫ್‌ಎಸ್‌ಎಸ್‌ಎಐ ಬೇಕು. ನಾನು ಮುಂದೆ ಹೇಳೋ ಇಬ್ಬರು ಹೆಂಗಸರು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದವರೆಗೆ ವ್ಯಾಪಾರ ಇರೋರಿಗೆ ಬರೀ ರಿಜಿಸ್ಟ್ರೇಷನ್ ಸಾಕಿತ್ತು, ಫೀಸು ವರ್ಷಕ್ಕೆ 100 ರೂಪಾಯಿ. ಆಧಾರ್, ಫೋಟೋ, ಜಾಗದ ವಿವರ ಕೊಟ್ರೆ 14 ಅಂಕಿಯ ನಂಬರ್ ಬರುತ್ತೆ, ಅದನ್ನ ಪ್ಯಾಕೆಟ್ ಮೇಲೆ ಹಾಕ್ಬೇಕು. ಆ ನಂಬರು ಆ ವ್ಯಕ್ತಿಗೆ, ಆ ಜಾಗಕ್ಕೆ ಕೊಟ್ಟಿರೋದು ಅನ್ನೋದು ನೆನಪಿರಲಿ, ಮುಂದೆ ಬರುತ್ತೆ ಈ ಮಾತು. ಸಣ್ಣ ಉದ್ಯಮಗಳಿಗೆ ಅಂತ ಸರ್ಕಾರ ಮಾಡಿರೋ ಉದ್ಯಮ್ ರಿಜಿಸ್ಟ್ರೇಷನ್ 2020ರ ಜುಲೈ 1ರಿಂದ ಇದೆ, ಆಧಾರ್ ಓಟಿಪಿ ಹಾಕಿ ಒಂದು ಕೂರೋದ್ರಲ್ಲಿ ಆಗುತ್ತೆ, ಪೂರ್ತಿ ಉಚಿತ. ಇದನ್ನ ಜೋರಾಗಿ ಹೇಳ್ತೀನಿ, ಉಚಿತ. ಗೂಗಲ್‌ನಲ್ಲಿ ಹುಡುಕಿದ್ರೆ ಸರ್ಕಾರದ್ದೇ ಅನ್ನೋ ಹಾಗಿರೋ ವೆಬ್‌ಸೈಟುಗಳು ಮೇಲೆ ಬರ್ತವೆ, ಎರಡು ಸಾವಿರ ಮೂರು ಸಾವಿರ ಕಿತ್ಕೊಂಡು ಅದೇ ಸರ್ಟಿಫಿಕೇಟನ್ನ ಪಿಡಿಎಫ್ ಮಾಡಿ ಕಳಿಸ್ತಾರೆ. ವಿಳಾಸದ ಕೊನೇಲಿ ಗವ್ ಡಾಟ್ ಇನ್ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಮುಚ್ಚಿಬಿಡಿ.

ಅಂಗಡಿ ಹಾಕಿದ್ರೆ ಪಾಲಿಕೆಯೋ ಪುರಸಭೆಯೋ ಪಂಚಾಯ್ತಿಯೋ ಕೊಡೋ ಟ್ರೇಡ್ ಲೈಸೆನ್ಸು, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ಬೋರ್ಡಲ್ಲಿ ಶೇಕಡಾ 60 ಕನ್ನಡ. ತೂಕ ಮಾಡಿ ಮಾರಿದ್ರೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಂದ್ಸಲ ಸೀಲು. ಇವೆಲ್ಲ ಓಡಾಟ, ತಲೆನೋವು, ಒಪ್ಕೋತೀನಿ, ಆದ್ರೆ ಆಗೋ ಕೆಲಸ.

ಜನ ಹಗುರವಾಗಿ ತಗೊಳ್ಳೋದು ಅಂದ್ರೆ ಪ್ಯಾಕೆಟ್ ಮೇಲಿನ ಲೇಬಲ್ಲು. ಡಿಸೈನ್ ಮಾಡೋ ಹುಡುಗ ತಾಯಿ ರುಚಿ ಮನೆ ರುಚಿ ಅಂತ ದೊಡ್ಡದಾಗಿ ಬರ್ದು ಒಂದು ಬಾಳೆ ಎಲೆ ಹಾಕಿ ಕೊಡ್ತಾನೆ, ಅದರಲ್ಲಿ ತಯಾರಿಸಿದ ದಿನಾಂಕಕ್ಕೇ ಜಾಗ ಇರಲ್ಲ. ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು, ಎಲ್ಲ ತೆರಿಗೆ ಸೇರಿ ಎಂಆರ್‌ಪಿ, ದೂರು ಹೇಳೋಕೆ ಫೋನ್ ನಂಬರು, ಯಾವ ಸಾಮಾನು ಜಾಸ್ತಿ ಇದ್ಯೋ ಅದರಿಂದ ಶುರು ಮಾಡಿ ಪದಾರ್ಥಗಳ ಪಟ್ಟಿ, ಶೇಂಗಾ ಇದ್ರೆ ಇದೆ ಅಂತ ಅಲರ್ಜಿಯವರಿಗೆ ಎಚ್ಚರಿಕೆ, ಹಸಿರು ಚುಕ್ಕೆ, ಬ್ಯಾಚ್ ನಂಬರು, ಇಷ್ಟೂ ಇರ್ಬೇಕು. ಬ್ಯಾಚ್ ನಂಬರ್ ಯಾಕೆ ಅಂತ ಕೇಳ್ತಾರೆ. ಒಣಕೊಬ್ಬರಿ ಹಾಕಿದ ಚಟ್ನಿಪುಡಿ ಬೇಸಿಗೇಲಿ ಬೇಗ ಕಮಟು ಬರುತ್ತೆ, ಅಂಗಡಿಯವನು ಒಂದು ಪ್ಯಾಕೆಟ್ ವಾಪಸ್ ತಂದಾಗ ಅದು ಯಾವತ್ತು ಹುರಿದಿದ್ದು, ಯಾವ ಕೊಬ್ಬರಿ ಹಾಕಿದ್ದು, ಅದರ ಜೊತೆಗಿದ್ದ ಉಳಿದ ಪ್ಯಾಕೆಟ್ ಯಾವ ಅಂಗಡೀಲಿದೆ ಅಂತ ಗೊತ್ತಾಗ್ಬೇಕಾದ್ರೆ ಆ ನಂಬರೊಂದೇ ದಾರಿ. ಇಲ್ಲಾಂದ್ರೆ ಎಲ್ಲ ಅಂಗಡಿಯಿಂದ ಎಲ್ಲ ಪ್ಯಾಕೆಟ್ಟೂ ವಾಪಸ್ ತರಿಸ್ಬೇಕಾಗುತ್ತೆ.

ಒಂದು ನೋಟ್‌ಬುಕ್ಕು, ಇಬ್ಬರು ಹೆಂಗಸರು

ಈ ಬರಹ ಬರೀಬೇಕು ಅನ್ಸಿದ್ದು ಇವರಿಬ್ಬರಿಂದ. ಒಡಹುಟ್ಟಿದೋರಲ್ಲ, ಒಂದೇ ಬೀದಿಯವರು. ಚಿಕ್ಕವರು ದೊಡ್ಡವರನ್ನ ಅಕ್ಕ ಅಂತಾನೇ ಕರೆಯೋದು, ದೊಡ್ಡವರು ಅವಳನ್ನ ಹೋಗೇ ಬಾರೇ ಅಂತಾನೇ ಮಾತಾಡ್ಸೋದು. ಲಾಕ್‌ಡೌನ್ ಟೈಮಲ್ಲಿ ಅಕ್ಕಪಕ್ಕದ ಮನೆಗೆ ಕೊಡೋಕೆ ಅಂತ ಶುರು ಮಾಡಿದ ಚಟ್ನಿಪುಡಿ, ಸಾರಿನಪುಡಿ ಆಮೇಲೆ ಅಂಗಡಿಗಳಿಗೆ ಹೋಗೋಕೆ ಶುರು ಆಯ್ತು. ಕೈರುಚಿ ದೊಡ್ಡವರದು. ಬ್ಯಾಡಗಿ ಮೆಣಸಿನಕಾಯಿ ಎಷ್ಟು ಹುರೀಬೇಕು, ಬೇಳೆ ಯಾವ ಬಣ್ಣಕ್ಕೆ ಬಂದಾಗ ಇಳಿಸ್ಬೇಕು ಅನ್ನೋದು ಅವರಿಗೇ ಗೊತ್ತು, ಬೆಳಿಗ್ಗೆ ಐದಕ್ಕೆ ಎದ್ದು ಹುರಿಯೋರೂ ಅವರೇ. ಚಿಕ್ಕವರು ಬಳೆ ಅಡ ಇಟ್ಟು ಪುಡಿ ಮಾಡೋ ಮಿಷನ್ ತಂದ್ರು, ಸ್ಕೂಟರಲ್ಲಿ ಅಂಗಡಿ ಅಂಗಡಿ ಸುತ್ತಿ ಆರ್ಡರ್ ತಂದ್ರು, ವಾಟ್ಸಾಪ್ ಗ್ರೂಪ್ ಮಾಡಿದ್ರು. ಎಫ್‌ಎಸ್‌ಎಸ್‌ಎಐ ದೊಡ್ಡವರ ಹೆಸರಲ್ಲಿ, ಯಾಕಂದ್ರೆ ಅಡುಗೆ ಅವರ ಮನೇಲಿ. ಕ್ಯೂಆರ್ ಕೋಡು ಚಿಕ್ಕವರ ಯಜಮಾನರ ಅಕೌಂಟಿಗೆ, ಯಾಕಂದ್ರೆ ಆವತ್ತು ಅರ್ಜೆಂಟಿತ್ತು, ಅವರ ಫೋನಲ್ಲಿ ಆಗ್ಲೇ ಇತ್ತು. ಬ್ರ್ಯಾಂಡಿಗೆ ಇಟ್ಟಿದ್ದು ದೊಡ್ಡವರ ಅತ್ತೆ ಹೆಸರು.

ಅವರು ನಮ್ಮ ಆಫೀಸಿಗೆ ಒಟ್ಟಿಗೆ ಬಂದಿದ್ದು ಬೇರೆ ಆಗೋಕೆ. ಟೇಬಲ್ ಮೇಲೆ ಒಂದು ಉದ್ದನೆ ನೋಟ್‌ಬುಕ್ ಇಟ್ರು. ಮೂಲೆಯೆಲ್ಲ ಎಣ್ಣೆ ಹಿಡಿದು ಹಾಳೆ ಅಂಟಿಕೊಂಡಿತ್ತು, ತಿರುವಿ ಹಾಕೋವಾಗ ಇಂಗಿನ ವಾಸನೆ ಬರ್ತಿತ್ತು. ಒಂದು ಕಡೆ ಅಂಗಡಿ ಬಾಕಿ, ಇನ್ನೊಂದು ಕಡೆ ಕೊಬ್ಬರಿ, ಬೇಳೆ, ಕವರಿನ ಖರ್ಚು, ಮಧ್ಯ ಮಧ್ಯ ಅಕ್ಕ ತಗೊಂಡಿದ್ದು 2,000, ನಾನು ಮಗೂ ಫೀಸಿಗೆ 5,000 ಅಂತೆಲ್ಲ ಇತ್ತು. ತುಂಬಾ ಪ್ರಾಮಾಣಿಕ ಲೆಕ್ಕ ಅದು, ಒಂದು ರೂಪಾಯಿ ಮುಚ್ಚಿಟ್ಟಿಲ್ಲ ಇಬ್ಬರೂ. ಆದ್ರೆ ತಗೊಂಡಿದ್ದು ಸಂಬಳಾನಾ, ಲಾಭದಲ್ಲಿ ಪಾಲಾ, ಸಾಲಾನಾ ಅಂತ ಎಲ್ಲೂ ಇಲ್ಲ. ಮಿಷನ್ ದುಡ್ಡು ಬಂಡವಾಳವಾ, ಕೈಗಡವಾ ಅಂತಾನೂ ಇಲ್ಲ.

ದೊಡ್ಡವರು ಹೇಳಿದ್ದು ಇಷ್ಟೇ, "ನಂದು ಅರ್ಧಕ್ಕಿಂತ ಜಾಸ್ತಿ ಬರ್ಬೇಕಲ್ವಾ ಮೇಡಂ, ಬೆಂಕಿ ಮುಂದೆ ನಿಂತಿರೋಳು ನಾನು." ಚಿಕ್ಕವರು ತಲೆ ಎತ್ತಲೇ ಇಲ್ಲ, "ನಾನ್ ಬಳೆ ಇನ್ನೂ ಬಿಡಿಸ್ಕೊಂಡಿಲ್ಲ ಅಕ್ಕ" ಅಂದ್ರು. ಇಬ್ಬರ ಮಾತೂ ನಿಜ.

ಬರೀದೇ ಇದ್ರೂ ಬರ್ದಿರುತ್ತೆ

ನಾನು ಅವರಿಗೆ ಹೇಳ್ಬೇಕಾಗಿದ್ದ ವಿಷಯ ಕಷ್ಟದ್ದು. ಪಾರ್ಟ್‌ನರ್‌ಶಿಪ್ ಅಗ್ರಿಮೆಂಟ್ ಬರೀಲಿಲ್ಲ ಅಂದ ಮಾತ್ರಕ್ಕೆ ಪಾರ್ಟ್‌ನರ್‌ಶಿಪ್ ಇಲ್ಲ ಅಂತಲ್ಲ. ಇಬ್ಬರು ಸೇರಿ ವ್ಯಾಪಾರ ಮಾಡಿ ಲಾಭ ಹಂಚಿಕೊಳ್ತಾ ಇಬ್ಬರ ಪರವಾಗೂ ನಡೆಸ್ತಿದ್ರೆ ಕಾನೂನಿನ ಕಣ್ಣಲ್ಲಿ ಅವರು ಪಾರ್ಟ್‌ನರ್ಸೇ. ನೀವು ಷರತ್ತು ಬರ್ಕೊಂಡಿಲ್ಲ ಅಂದ್ರೆ 1932ರ ಪಾಲುದಾರಿಕೆ ಕಾಯ್ದೆ ನಿಮ್ಮ ಪರವಾಗಿ ಆಗ್ಲೇ ಬರ್ದು ಇಟ್ಟಿದೆ, ಅದೇ ನಿಮಗೆ ಅನ್ವಯ ಆಗುತ್ತೆ. ಅದರಲ್ಲಿ ಏನಿದೆ? ಲಾಭ ನಷ್ಟ ಎರಡೂ ಸಮಪಾಲು. ಕೆಲಸ ಮಾಡಿದ್ದಕ್ಕೆ ಅಂತ ಪಾಲುದಾರರಿಗೆ ಬೇರೆ ಸಂಬಳ ಇಲ್ಲ. ಅಂದ್ರೆ ಐದು ಗಂಟೆಗೆ ಎದ್ದಿದ್ದಕ್ಕೆ ಬೆಲೆ ಇಲ್ಲ. ಹಾಕಿದ ಬಂಡವಾಳಕ್ಕೂ ಮಾತಾಡ್ಕೊಂಡಿರದೆ ಬಡ್ಡಿ ಇಲ್ಲ. ಅಂದ್ರೆ ಬಳೆಗೂ ಬೆಲೆ ಇಲ್ಲ. ಅದೇ ದುಡ್ಡನ್ನ ಬಂಡವಾಳ ಅಲ್ಲ, ತಾನು ಒಪ್ಕೊಂಡಿದ್ದಕ್ಕಿಂತ ಹೆಚ್ಚಾಗಿ ವ್ಯಾಪಾರಕ್ಕೆ ಕೊಟ್ಟ ಮುಂಗಡ ಅಂತ ತೋರಿಸೋಕಾದ್ರೆ ವರ್ಷಕ್ಕೆ ಶೇಕಡಾ 6 ಬಡ್ಡಿ ಕೇಳ್ಬೋದು, ಆದ್ರೆ ತೋರಿಸೋಕೆ ಕಾಗದ ಎಲ್ಲಿದೆ? ಈ ಕಾನೂನು ಮಾಡಿದೋರದ್ದು ತಪ್ಪು ಅಂತ ನಾನು ಹೇಳಲ್ಲ, ನೀವಿಬ್ಬರೂ ಏನೂ ಹೇಳದೆ ಇದ್ದಾಗ ಅದು ಬೇರೆ ಹೇಗೆ ಅಂತ ಊಹಿಸ್ಬೇಕು ಹೇಳಿ.

ಇನ್ನೊಂದಿದೆ. ಫರ್ಮನ್ನ, ಅಂದ್ರೆ ಪಾಲುದಾರರ ಸಂಸ್ಥೇನ, ರಿಜಿಸ್ಟ್ರಾರ್ ಹತ್ರ ನೋಂದಾಯಿಸಿಲ್ಲ ಅಂದ್ರೆ ದುಡ್ಡು ಕೊಡದ ಅಂಗಡಿಯವನ ಮೇಲೆ ಫರ್ಮ್ ಹೆಸರಲ್ಲಿ ಕೋರ್ಟಿಗೆ ಹೋಗೋಕೂ ತೊಡಕು, ಅದೇ ಕಾಯ್ದೆಯ 69ನೇ ಸೆಕ್ಷನ್. ಆದ್ರೆ ನಿಮ್ಮ ಮೇಲೆ ಬೇರೆಯವರು ಕೇಸ್ ಹಾಕೋಕೆ ಯಾವ ತೊಡಕೂ ಇಲ್ಲ. ಮತ್ತೆ ಒಬ್ಬ ಪಾಲುದಾರ ವ್ಯಾಪಾರಕ್ಕೆ ಅಂತ ಮಾಡಿದ ಸಾಲಕ್ಕೆ ಇನ್ನೊಬ್ಬರ ಮನೆ ಮಠದವರೆಗೂ ಬರ್ಬೋದು. ಇದು ಬೇಡ ಅನ್ನೋರಿಗೆ ಸೀಮಿತ ಹೊಣೆಯ ಪಾಲುದಾರಿಕೆ, ಅಂದ್ರೆ ಎಲ್‌ಎಲ್‌ಪಿ ಇದೆ, ಕಂಪನಿ ಇದೆ, ಅವುಗಳಿಗೆ ಪ್ರತಿ ವರ್ಷ ಫೈಲಿಂಗ್ ಖರ್ಚೂ ಇದೆ, ತಿಂಗಳಿಗೆ ಮೂವತ್ತು ಸಾವಿರ ವ್ಯಾಪಾರ ಮಾಡೋರಿಗೆ ನಾನು ಅದನ್ನ ಹೇಳಲ್ಲ. ಸರಿಯಾದ ಪಾರ್ಟ್‌ನರ್‌ಶಿಪ್ ಡೀಡ್, ಅಂದ್ರೆ ಪಾಲುದಾರಿಕೆ ಪತ್ರ, ಸಾಕು.

ಡೀಡಲ್ಲಿ ಏನ್ ಬರೀಬೇಕು ಅಂದ್ರೆ, ಜಗಳ ಆದ್ರೆ ಯಾವ ಯಾವ ಮಾತು ಬರುತ್ತೋ ಅದನ್ನೆಲ್ಲ ಜಗಳ ಇಲ್ಲದಾಗ ಬರೀಬೇಕು. ಯಾರು ಎಷ್ಟು ಹಾಕ್ತಿದಾರೆ, ಅದು ಬಂಡವಾಳವೋ ವಾಪಸ್ ಕೊಡ್ಬೇಕಾದ ಸಾಲವೋ. ದಿನಾ ಕೆಲಸ ಮಾಡೋರಿಗೆ ತಿಂಗಳಿಗೆ ಎಷ್ಟು, ಅದನ್ನ ಕೊಟ್ಟ ಮೇಲೆ ಉಳಿದ ಲಾಭ ಹೇಗೆ. ಬ್ಯಾಂಕ್ ಅಕೌಂಟ್ ಫರ್ಮ್ ಹೆಸರಲ್ಲಿರ್ಲಿ, ಕ್ಯೂಆರ್ ಅದಕ್ಕೇ ಹೋಗ್ಲಿ. ಮಿಷನ್ ಯಾರದು. ಹೆಸರು ಯಾರದು, ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ರೆ ಯಾರ ಹೆಸರಲ್ಲಿ. ಒಬ್ಬರೇ ಹೋಗಿ ತಮ್ಮ ಹೆಸರಲ್ಲಿ ಅರ್ಜಿ ಹಾಕಿಬಿಟ್ರೆ ನಾವೇ ಮೊದಲಿಂದ ಈ ಹೆಸರಲ್ಲಿ ಮಾರ್ತಿದ್ವಿ ಅಂತ ಇನ್ನೊಬ್ಬರು ಬಿಲ್ಲು ಲೇಬಲ್ಲು ಹುಡುಕಿ ವಾದ ಮಾಡ್ತಾ ಕೂರ್ಬೇಕು. ವಾಟ್ಸಾಪ್ ಗ್ರೂಪಿನ ನಂಬರ್ ಯಾರ ಹತ್ರ ಉಳಿಯುತ್ತೆ ಅನ್ನೋದನ್ನೂ ಈಗ ನಾನು ಬರೆಸ್ತೀನಿ, ಗಿರಾಕಿಗಳು ಇರೋದೇ ಅಲ್ಲಿ. ಕೊನೇಗೆ ಒಬ್ಬರು ತೀರಿಕೊಂಡ್ರೆ ಏನು ಅಂತ ಕೇಳ್ತೀನಿ. ಆಗ ತಪ್ಪದೆ ಬರೋ ಮಾತು "ಬಿಡ್ತು ಅನ್ನಿ ಮೇಡಂ". ಬಿಡ್ತು ಅಂತೀನಿ, ಆದ್ರೂ ಬರೆಸ್ತೀನಿ, ಯಾಕಂದ್ರೆ ಬರೀದೇ ಇದ್ರೆ ಒಬ್ಬ ಪಾಲುದಾರರ ಸಾವಿನ ಜೊತೆಗೇ ಫರ್ಮ್ ಕೂಡ ಮುಗಿದುಹೋಗುತ್ತೆ, ಉಳಿದೋರು ಸತ್ತೋರ ಮನೆಯವರ ಮುಂದೆ ಅಳೋ ಹೊತ್ತಲ್ಲಿ ಲೆಕ್ಕ ಇಟ್ಕೊಂಡು ಕೂರ್ಬೇಕಾಗುತ್ತೆ.

ಆ ಇಬ್ಬರು ಹೆಂಗಸರದ್ದು ಕೋರ್ಟಿಗೆ ಹೋಗಲಿಲ್ಲ. ನಮ್ಮ ಸಾರ್ ಮುಂದೆ ಕೂರಿಸಿ ಮಾತಾಡ್ಸಿದ್ರು. ಅಂಗಡಿ ಬಾಕಿ ವಸೂಲಾದ ಹಾಗೆ ಮೊದಲು ಬಳೆ ಸಾಲ ತೀರಿಸೋದು, ಮಿಷನ್ ದೊಡ್ಡವರಿಗೆ, ಹೆಸರೂ ಅವರಿಗೆ, ಅಂಗಡಿಗಳ ಪರಿಚಯ ಚಿಕ್ಕವರಿಗೆ, ಅವರು ಬೇರೆ ಹೆಸರಲ್ಲಿ ಹಪ್ಪಳ ಸಂಡಿಗೆ ಮಾಡ್ಕೋಬೋದು ಅಂತ ಒಂದು ಪತ್ರ ಆಯ್ತು. ಆ ಪತ್ರಕ್ಕೆ ಆದ ಖರ್ಚಲ್ಲಿ ಮೊದಲನೇ ದಿನವೇ ಒಂದು ಡೀಡ್ ಆಗ್ತಿತ್ತು. ಚಟ್ನಿಪುಡಿ ಈಗಲೂ ಅಷ್ಟೇ ಚೆನ್ನಾಗಿದೆ, ಆದ್ರೆ ಮೊದಲಿನಷ್ಟು ಅಂಗಡೀಲಿ ಸಿಗಲ್ಲ.

ಕ್ಯೂಆರ್ ಕೋಡ್ ಹಿಂದಿರೋ ಅಕೌಂಟು

2025ರ ಜುಲೈ ಯಾರಿಗೂ ಮರೆತಿರಲ್ಲ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಬಂದ ಯುಪಿಐ ದುಡ್ಡಿನ ಮಾಹಿತಿ ಇಟ್ಕೊಂಡು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿದ್ದು, ಬೆಂಗಳೂರಲ್ಲಿ ಅಂಗಡಿಗಳ ಮುಂದೆ ಯುಪಿಐ ಇಲ್ಲ ಕ್ಯಾಶ್ ಮಾತ್ರ ಅಂತ ಚೀಟಿ ಅಂಟಿಸಿದ್ದು, ಬಂದ್ ಕರೆ ಕೊಟ್ಟಿದ್ದು, ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಜೊತೆ ಸಭೆ ಮಾಡಿ ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ಮುಂದೆ ಜಿಎಸ್‌ಟಿಗೆ ನೋಂದಣಿ ಆಗ್ಬೇಕು ಅಂದಿದ್ದು. ಆ ದಿನಗಳಲ್ಲಿ ಒಬ್ರು ಕಾಂಡಿಮೆಂಟ್ಸ್ ಅಂಗಡಿಯವರು ಬ್ಯಾಂಕ್ ಸ್ಟೇಟ್‌ಮೆಂಟನ್ನ ಒಂದು ಕಟ್ಟು ಪ್ರಿಂಟ್ ತೆಗೆಸ್ಕೊಂಡು ಬಂದು ನನ್ನ ಮುಂದೆ ಕೂತ್ರು. ಪೆನ್ನಿಟ್ಕೊಂಡು ಸಾಲು ಸಾಲು ನೋಡ್ತಾ ಹೋದ್ವಿ. ಇದು ವ್ಯಾಪಾರ. ಇದು ಚೀಟಿ ದುಡ್ಡು. ಇದು ಅಳಿಯ ಕಳಿಸಿದ್ದು. ಇದು ಯಾರೋ ಗಿರಾಕಿಗೆ ಕ್ಯಾಶ್ ಬೇಕು ಅಂದಾಗ ಐನೂರು ಕೊಟ್ಟು ಫೋನ್‌ಪೇ ಹಾಕಿಸ್ಕೊಂಡಿದ್ದು. ಇದು ಹಾಲಿನ ಪ್ಯಾಕೆಟ್ಟು, ತೆರಿಗೆನೇ ಇಲ್ಲ. ಇದು? ಅವರಿಗೂ ನೆನಪಿಲ್ಲ. ಮೂರು ವರ್ಷದ ಹಿಂದಿನ ಇಪ್ಪತ್ತು ರೂಪಾಯಿ ಯಾರಿಗೆ ನೆನಪಿರುತ್ತೆ.

ನನಗೆ ಆವತ್ತು ಅವರ ಮೇಲೆ ತುಂಬಾ ಮರುಕ ಬಂತು. ತೆರಿಗೆ ತಪ್ಪಿಸ್ಬೇಕು ಅಂತ ಮಾಡಿದೋರಲ್ಲ ಅವರು, ಎಷ್ಟು ಅಂದ್ರೆ ಎಷ್ಟು ಅಂತ ಲೆಕ್ಕವೇ ಇಲ್ಲದೋರು. ಸರಕು ಮಾರೋರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರೋದು, ಈ ಲೆಕ್ಕ ಅಂಗಡಿಗೆ ಅಲ್ಲ, ಪ್ಯಾನ್ ನಂಬರಿಗೆ. ಒಂದೇ ಪ್ಯಾನಲ್ಲಿ ಎರಡು ಅಂಗಡಿ ಇದ್ರೆ ಎರಡೂ ಸೇರುತ್ತೆ. ತೆರಿಗೆ ಇಲ್ಲದ ಹಪ್ಪಳದ ಜೊತೆಗೆ ತೆರಿಗೆ ಇರೋ ಚಟ್ನಿಪುಡೀನೂ ಮಾರಿದ್ರೆ ಮಿತಿ ನೋಡೋವಾಗ ಹಪ್ಪಳದ ವ್ಯಾಪಾರವೂ ಸೇರುತ್ತೆ. ಬರೀ ತೆರಿಗೆ ಇಲ್ಲದ ಸರಕನ್ನೇ ಮಾರೋರಿಗೆ ನೋಂದಣಿಯೇ ಬೇಡ. ಇನ್ನು ತೆರಿಗೆ ಇರೋ ಸರಕನ್ನ ಪಕ್ಕದ ರಾಜ್ಯದ ಹೊಸೂರಿಗೋ ಹಿಂದೂಪುರಕ್ಕೋ ಕಳಿಸಿ ಮಾರಿದ್ರೆ 40 ಲಕ್ಷದ ಮಾತೇ ಬರಲ್ಲ, ಮೊದಲಿಂದಲೇ ನೋಂದಣಿ ಬೇಕು. ತುಮಕೂರು ಜಿಲ್ಲೆ ಪಾವಗಡ, ಮಧುಗಿರಿ ಕಡೆಯೋರಿಗೆ ಗಡಿ ಆಚೆ ಸಂತೆ ಅಂದ್ರೆ ಪಕ್ಕದ ಬೀದಿ ಇದ್ದ ಹಾಗೆ, ಅವರಿಗೆ ಇದನ್ನ ಹೇಳಿದ್ರೆ ನಂಬೋದೇ ಇಲ್ಲ. ಮಿತಿ ದಾಟಿ ಒಂದೂವರೆ ಕೋಟಿ ಒಳಗಿರೋ ಅಂಗಡಿಯವರಿಗೆ ಕಾಂಪೊಸಿಷನ್ ಅನ್ನೋ ಸುಲಭದ ಸ್ಕೀಮ್ ಇದೆ, ವ್ಯಾಪಾರದ ಮೇಲೆ ಶೇಕಡಾ 1 ಕಟ್ಟಿದ್ರೆ ಮುಗೀತು, ಆದ್ರೆ ಅದನ್ನ ಗಿರಾಕಿ ಹತ್ರ ಬೇರೆ ವಸೂಲಿ ಮಾಡೋ ಹಾಗಿಲ್ಲ, ಹೊರರಾಜ್ಯಕ್ಕೆ ಮಾರೋ ಹಾಗೂ ಇಲ್ಲ.

ಯುಪಿಐ ತೆಗೆದುಹಾಕಿ ಕ್ಯಾಶಿಗೆ ಹೋಗ್ತೀವಿ ಅನ್ನೋರಿಗೆ ನಾನು ಬೇಡ ಅಂತೀನಿ. ವ್ಯಾಪಾರಕ್ಕೆ ಬೇರೆ ಅಕೌಂಟ್, ಮನೆಗೆ ಬೇರೆ ಅಕೌಂಟ್ ಮಾಡಿ ಅಂತೀನಿ. ಉದ್ಯಮ್ ಮತ್ತೆ ಟ್ರೇಡ್ ಲೈಸೆನ್ಸ್ ತಗೊಂಡು ಹೋದ್ರೆ ಬ್ಯಾಂಕಲ್ಲಿ ಕರೆಂಟ್ ಅಕೌಂಟ್ ಕೊಡ್ತಾರೆ. ಬ್ಯಾಂಕ್ ಮೂಲಕ ಬಂದ ದುಡ್ಡಿಗೆ ಇನ್‌ಕಮ್ ಟ್ಯಾಕ್ಸ್‌ನಲ್ಲೂ ಅನುಕೂಲ ಇದೆ, ಪುಸ್ತಕ ಇಡದ ಸಣ್ಣ ವ್ಯಾಪಾರಿ ಕ್ಯಾಶ್ ವ್ಯಾಪಾರದ ಶೇಕಡಾ 8 ಲಾಭ ಅಂತ ತೋರಿಸ್ಬೇಕಾದ್ರೆ ಬ್ಯಾಂಕಿಗೆ ಬಂದಿದ್ದಕ್ಕೆ 6 ಸಾಕು. ಸಾಲ ಕೇಳೋಕೆ ಹೋದಾಗಲೂ ಮ್ಯಾನೇಜರ್ ನೋಡೋದು ಆ ಸ್ಟೇಟ್‌ಮೆಂಟನ್ನೇ.

ಹೆಂಡತಿ ಹೆಸರಲ್ಲಿ

ಕಡೇದಾಗಿ ಇದನ್ನ ಹೇಳ್ಲೇಬೇಕು, ಇದು ನನಗೆ ಎಲ್ಲಕ್ಕಿಂತ ಸಂಕಟ ಕೊಡೋ ವಿಷಯ. ಹೆಂಗಸರಿಗೆ ಸ್ಕೀಮುಗಳಿವೆ, ಸಾಲಕ್ಕೆ ಸಬ್ಸಿಡಿ ಕೊಡೋ ರಾಜ್ಯದ ಉದ್ಯೋಗಿನಿ ಇದೆ, ಸಣ್ಣ ಆಹಾರ ತಯಾರಿಕೆಗೆ ಕೇಂದ್ರದ ಪಿಎಂಎಫ್‌ಎಂಇ 2025-26ರಲ್ಲಿ ಇತ್ತು. ಪಿಎಂಎಫ್‌ಎಂಇ ಗಂಡಸರಿಗೂ ಸಿಗ್ತಿತ್ತು, ಕೇಂದ್ರದ ಶೇಕಡಾ 35ರ ಜೊತೆ ರಾಜ್ಯದ 15 ಸೇರಿ 15 ಲಕ್ಷದವರೆಗೆ ಸಬ್ಸಿಡಿ ರಾಜ್ಯ ಸರ್ಕಾರದ ನಿಗಮ ಕಪೆಕ್ ಮೂಲಕ ಬರ್ತಿತ್ತು. ಒಳ್ಳೇ ಯೋಜನೆಗಳೇ. ಆದ್ರೆ ಗಂಡ ತನ್ನ ಸಿಬಿಲ್ ಸ್ಕೋರ್ ಹಾಳಾಗಿದೆ ಅಂತಲೋ, ಸಬ್ಸಿಡಿ ಸುಲಭವಾಗಿ ಸಿಗುತ್ತೆ ಅಂತಲೋ ಹೆಂಡತಿ ಹೆಸರಲ್ಲಿ ಎಲ್ಲ ಮಾಡಿಸ್ತಾನೆ. ಆಕೆ ಬರ್ತಾಳೆ, ತೋರಿಸಿದ ಕಡೆಯೆಲ್ಲ ಸೈನ್ ಮಾಡ್ತಾಳೆ, ಹೊರಗಡೆ ಬೆಂಚಲ್ಲಿ ಹೋಗಿ ಕೂತ್ಕೋತಾಳೆ. ಪ್ರೊಪ್ರೈಟರ್‌ಶಿಪ್ ಅಂದ್ರೆ ಒಬ್ಬರದೇ ಹೆಸರಲ್ಲಿರೋ ವ್ಯಾಪಾರ, ಅದರಲ್ಲಿ ವ್ಯಾಪಾರ ಬೇರೆ, ಮನುಷ್ಯ ಬೇರೆ ಅನ್ನೋದು ಕಾನೂನಲ್ಲಿ ಇಲ್ಲ. ಸಾಲ ಅವಳದು, ಜಿಎಸ್‌ಟಿ ನೋಟಿಸ್ ಬಂದ್ರೆ ಅವಳಿಗೆ, ಚೆಕ್ ಬೌನ್ಸ್ ಆದ್ರೆ ಕೋರ್ಟಲ್ಲಿ ನಿಲ್ಲೋಳು ಅವಳು. ಲಾಭ ಎಷ್ಟು ಅಂತ ಮಾತ್ರ ಅವಳಿಗೆ ಗೊತ್ತಿರಲ್ಲ.

ಇದನ್ನ ನಿಲ್ಲಿಸೋ ಅಧಿಕಾರ ನನಗಿಲ್ಲ. ಆದ್ರೆ ಒಂದೆರಡು ಪಟ್ಟು ಹಿಡೀತೀನಿ. ಯಾರ ಹೆಸರಲ್ಲಿ ವ್ಯಾಪಾರ ಇದ್ಯೋ ಅವರ ಫೋನಿಗೇ ಓಟಿಪಿ ಬರ್ಬೇಕು, ಅವರ ಇಮೇಲೇ ಇರ್ಬೇಕು, ಪಾಸ್‌ವರ್ಡ್ ಅವರ ಕೈಗೇ ಬರ್ದು ಕೊಡೋದು. ಬ್ಯಾಂಕ್ ಎಸ್ಸೆಮ್ಮೆಸ್ ಅವರಿಗೇ ಬರ್ಬೇಕು. ಖಾಲಿ ಚೆಕ್ಕಿಗೆ ಸೈನ್ ಹಾಕ್ಬೇಡಿ ಅಂತ ಗಂಡನ ಎದುರಿಗೇ ಹೇಳ್ತೀನಿ. ಕೆಲವರಿಗೆ ಕೋಪ ಬರುತ್ತೆ, ಬೇರೆ ಆಫೀಸಿಗೆ ಹೋಗ್ತಾರೆ, ಹೋಗ್ಲಿ. ಹೋದ ತಿಂಗಳು ರೊಟ್ಟಿ ಮಾಡೋ ಯೂನಿಟ್ ಹಾಕಿದ ಒಬ್ಬಾಕೆಗೆ ಸ್ಮಾರ್ಟ್ ಫೋನ್ ಇರ್ಲಿಲ್ಲ, "ಇವರ ನಂಬರೇ ಹಾಕಿ ಮೇಡಂ" ಅಂದ್ರು. ಓಟಿಪಿಗೆ ಸ್ಮಾರ್ಟ್ ಫೋನ್ ಬೇಡಮ್ಮ, ಕೀಪ್ಯಾಡ್ ಫೋನಿಗೂ ಬರುತ್ತೆ, ಆಧಾರ್ ಸೆಂಟರಿಗೆ ಹೋಗಿ ನಿಮ್ಮ ನಂಬರ್ ಸೇರಿಸ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದೆ. ಮುಂದಿನ ವಾರ ಅವರು ನಂಬರ್ ಸೇರಿಸ್ಕೊಂಡು ಬಂದ್ರು, ಗಂಡ ಜೊತೆಗಿರಲಿಲ್ಲ. ಅರ್ಜಿ ಆವತ್ತೇ ಹಾಕಿದ್ವಿ.